ಗಂಟಲ ಬುದ್ಧನ ಯಾತ್ರೆ

ಆ ದಿನ ಬೆಳಿಗ್ಗೆ ಶಿಗೆನೊಳ ದೇವರ ಕೋಣೆಗೆ ಮೀನಿನ ಹೊಗೆ ಬರಲಿಲ್ಲ.

ವಾಕಾಸಾ ಕೊಲ್ಲಿಯ ಆ ಸಣ್ಣ ಮೀನುಪೇಟೆಯಲ್ಲಿ ಅವಳ ಮನೆಗೂ ತಮ್ಮ ಮೊರಿಜೊನ ಅಂಗಡಿಗೂ ನಡುವೆ ಒಂದು ಓಣಿ ಮಾತ್ರ. ಇಡೀ ಬಂಗುಡೆಯನ್ನು ಬಿದಿರುಕಡ್ಡಿಗೆ ಚುಚ್ಚಿ, ಇದ್ದಿಲ ಕೆಂಡದ ಮೇಲೆ ಎಣ್ಣೆ ತೊಟ್ಟಿಕ್ಕುವ ತನಕ ಸುಡುವುದು ಮೊರಿಜೊನ ಕಸುಬು, ತಂದೆಯಿಂದ ಬಂದದ್ದು. ಬೆಳಕು ಹರಿಯುವ ಹೊತ್ತಿಗೆ ಅವನು ಕೆಂಡಕ್ಕೆ ಗಾಳಿ ಹಾಕುವುದೂ ಇವಳು ದೀಪ ಹಚ್ಚಿ ಮಂತ್ರಕ್ಕೆ ಕೂರುವುದೂ ಒಂದೇ ಗಳಿಗೆ. ಊದುಬತ್ತಿಯ ಹೊಗೆ ಏಳುವ ಮೊದಲೇ ಬಂಗುಡೆಯ ಹೊಗೆ ಕಿಟಕಿ ದಾಟಿ ಬಂದು ಬುದ್ಧನ ಮುಂದೆ ಕೂತುಬಿಡುತ್ತಿತ್ತು. ಶಿಗೆನೊ ಮಂತ್ರವನ್ನು ನಡುವೆಯೇ ನಿಲ್ಲಿಸಿ, ದೇವರಿಗೂ ಮೀನು ತಿನ್ನಿಸುತ್ತೀಯೇನೋ ಎಂದು ಕಿಟಕಿಯಿಂದ ಕೂಗುವಳು. ಬುದ್ಧ ಇದುವರೆಗೆ ಬೇಡ ಅಂದಿಲ್ಲವಲ್ಲ ಅಕ್ಕ, ಎಂದು ಓಣಿಯಾಚೆಯಿಂದ ಉತ್ತರ ಬರುವುದು. ಅಕ್ಕತಮ್ಮಂದಿರ ನಿತ್ಯದ ಸುಪ್ರಭಾತ ಅದು.

ಆ ದಿನ ಮಾತ್ರ ಮಂತ್ರ ಮೊದಲಿನಿಂದ ಕೊನೆಯವರೆಗೆ ಅಡೆತಡೆಯಿಲ್ಲದೆ ಸಾಗಿತು. ಅಂತೂ ತಮ್ಮನಿಗೆ ಬುದ್ಧಿ ಬಂತು, ಎಲ್ಲವೂ ನಮ್ಮ ಪಂಥದ ಮಹಾಗುರುಗಳ ಕೃಪೆ ಎಂದು ಶಿಗೆನೊ ಕೈಮುಗಿದಳು. ಮುಗಿದ ಕೈ ಇಳಿಸುವಷ್ಟರಲ್ಲಿ ತಮ್ಮನ ಹೆಂಡತಿ ಮಿತ್ಸುಯೊ ಬಾಗಿಲಲ್ಲಿ ನಿಂತಿದ್ದಳು. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ.

“ಅಕ್ಕಾ, ಅವರು ಏಳ್ತಾ ಇಲ್ಲ,” ಅಂದಳು.

ನಿದ್ದೆಯಲ್ಲೇ ಹೃದಯ ನಿಂತಿತ್ತು. ಮುಖ ನೋಡಿದರೆ ಯಾವುದೋ ಒಳ್ಳೆಯ ಊಟದ ಕನಸು ಕಾಣುತ್ತಿರುವವನ ಹಾಗೆ ಇದ್ದ. ತಾನು ಕೈಮುಗಿದು ಕೃತಜ್ಞತೆ ಹೇಳಿದ್ದು ಯಾವುದಕ್ಕೆ ಎಂಬುದು ತಿಳಿದ ಮೇಲೆ ಶಿಗೆನೊ ದೇವರ ಕೋಣೆಯ ಆ ಕಿಟಕಿಯನ್ನು ಮತ್ತೆ ಮುಚ್ಚಲಿಲ್ಲ.

ದಹನವಾದ ಮೇಲೆ ಎಲುಬು ಆಯುವುದು ಮನೆಯವರ ಕೆಲಸ. ಉದ್ದನೆಯ ಕಡ್ಡಿಗಳಿಂದ ಒಬ್ಬರು ಎತ್ತಿದ್ದನ್ನು ಇನ್ನೊಬ್ಬರು ತಮ್ಮ ಕಡ್ಡಿಯಲ್ಲಿ ಪಡೆದು ಮಡಕೆಗೆ ಇಳಿಸಬೇಕು. ಊಟಕ್ಕೆ ಕೂತಾಗ ತುತ್ತೆತ್ತುವ ಕಡ್ಡಿಯಿಂದ ಹಾಗೆ ಇನ್ನೊಬ್ಬರ ಕಡ್ಡಿಗೆ ಏನನ್ನೂ ದಾಟಿಸಬಾರದು ಎಂದು ಮಕ್ಕಳ ಕೈಗೆ ಹೊಡೆದು ಕಲಿಸುವುದು ಅದಕ್ಕಾಗಿಯೇ. ಎಲ್ಲ ಆದ ಮೇಲೆ ಉಳಿಯುವುದು ಗಂಟಲ ಹತ್ತಿರದ ಒಂದು ಎಲುಬು. ಅದು ಪದ್ಮಾಸನದಲ್ಲಿ ಕೈಮುಗಿದು ಕೂತ ಬುದ್ಧನ ಹಾಗೆಯೇ ಇರುವುದರಿಂದ ಅದಕ್ಕೆ ಗಂಟಲ ಬುದ್ಧ ಎಂದೇ ಹೆಸರು. ಅದನ್ನು ಮಿತ್ಸುಯೊ ಎತ್ತಿದಳು, ಶಿಗೆನೊ ಪಡೆದಳು. ಅಷ್ಟೊಂದು ಬಂಗುಡೆ ಇಳಿದ ದಾರಿಯಲ್ಲಿ ಇಷ್ಟು ಶಾಂತವಾಗಿ ಒಬ್ಬ ಬುದ್ಧ ಕೂತಿದ್ದನಲ್ಲ ಎಂದು ಶಿಗೆನೊಗೆ ಆಶ್ಚರ್ಯವಾಯಿತು.

ಅವರ ಪಂಥದವರು ಗಂಟಲ ಬುದ್ಧನನ್ನು ಕೋಯಾ ಬೆಟ್ಟಕ್ಕೆ ಒಯ್ದು ಮಹಾಗುರುಗಳ ಪಾದದ ಬಳಿ ಇರಿಸುತ್ತಾರೆ. ಸತ್ತವನು ದಾರಿ ಹಿಡಿಯುವುದು ನಲವತ್ತೊಂಬತ್ತನೆಯ ದಿನ. ಅಷ್ಟರೊಳಗೆ ಒಯ್ದರೆ ಒಳ್ಳೆಯದೆಂದು ಶಿಗೆನೊಳ ನಂಬಿಕೆ. ಊರಿನ ಗುಡಿಯಲ್ಲಿ ಸ್ತೋತ್ರ ಹಾಡುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಅವಳನ್ನು ಕೊರೆಯುತ್ತಿದ್ದದ್ದು ಆ ಗುಡಿಯ ಗೋಡೆಯ ಮೇಲಿದ್ದ ಒಂದು ಹಳೆಯ ಚಿತ್ರ. ಬದುಕಿದ್ದಾಗ ನಾಲಗೆಯ ಹಿಂದೆ ಓಡಿದವರು ಸತ್ತ ಮೇಲೆ ಹಸಿದ ಪ್ರೇತಗಳಾಗಿ ಅಲೆಯುತ್ತಾರೆ. ಗುಡಾಣದಂಥ ಹೊಟ್ಟೆ, ಸೂಜಿಯಂಥ ಗಂಟಲು. ಮೊರಿಜೊ ಇನ್ನೊಬ್ಬರ ತಟ್ಟೆಯನ್ನು ಸುಮ್ಮನೆ ಬಿಟ್ಟವನೇ ಅಲ್ಲ. ಯಾರ ಮುಂದೆ ಏನು ಬಂದರೂ, ವಿಷ ಇದೆಯೇನೋ ನೋಡುತ್ತೇನೆ ಎಂದು ಹಳೆಯ ಕಾಲದ ದೊರೆಯ ಸೇವಕನ ಹಾಗೆ ಮೊದಲ ತುತ್ತಿಗೆ ಕಡ್ಡಿ ಚಾಚುವನು. ಮದುವೆಯ ಮನೆಯಲ್ಲಿ ಮದುಮಗಳ ತಟ್ಟೆಯನ್ನೂ ಬಿಟ್ಟಿರಲಿಲ್ಲ. ಇಂಥವನು ಆ ಗೋಡೆಯ ಚಿತ್ರದೊಳಗೆ ಹೋಗಿ ಸೇರಿಕೊಂಡರೆ ಏನು ಗತಿ ಎಂದು ಶಿಗೆನೊ ಹೆದರಿದಳು. ತಮ್ಮನು ಗುರುಗಳ ಪಾದ ಸೇರುವ ತನಕ ಮೀನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಅವನ ಆಸೆಯನ್ನು ತನ್ನ ಉಪವಾಸದಿಂದ ಸವೆಸುವುದು ಅವಳ ಲೆಕ್ಕ.

ಮಿತ್ಸುಯೊಳ ಲೆಕ್ಕ ಬೇರೆ. ಅಂಗಡಿಗೆ ಒಂದು ದಿನವೂ ಬಾಗಿಲು ಹಾಕದ ಗಂಡ ಕ್ಯೋತೊ ಕೂಡ ನೋಡಿರಲಿಲ್ಲ. ಬಂದ ಗಿರಾಕಿಗಳ ಬಾಯಿಂದ ಯಾವ ಊರಲ್ಲಿ ಏನು ರುಚಿ ಎಂದು ಕೇಳಿ ಕೇಳಿ ಬಾಯಲ್ಲಿ ನೀರೂರಿಸಿಕೊಂಡದ್ದಷ್ಟೇ. ಒಂದು ದಿನ ಕೆಂಡಕ್ಕೆ ಗಾಳಿ ಹಾಕುತ್ತ ನಗೆಯಾಡಿದ್ದನಂತೆ: ನನ್ನ ಗಂಟಲನ್ನು ಬೆಟ್ಟಕ್ಕೆ ಒಯ್ಯುವಾಗ ನೇರವಾಗಿ ಒಯ್ಯಬೇಡ, ಅಲ್ಲಲ್ಲಿ ನಿಲ್ಲಿಸಿಕೊಂಡು ಹೋಗು. ಗಂಡ ನಗುತ್ತ ಹೇಳಿದ್ದನ್ನು ಹೆಂಡತಿ ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಹೀಗೆ ಒಬ್ಬಳು ಅವನ ಹಸಿವನ್ನು ಆರಿಸಲು, ಇನ್ನೊಬ್ಬಳು ಅವನಿಗೆ ಉಣಿಸಲು, ಇಬ್ಬರೂ ಒಂದೇ ರೈಲು ಹತ್ತಿದರು. ಮೊರಿಜೊ ಬೆಳ್ಳಿಜರಿಯ ಪುಟ್ಟ ಚೀಲದೊಳಗೆ ಹೆಂಡತಿಯ ಮಡಿಲಲ್ಲಿ ಕೂತಿದ್ದ.

ಕ್ಯೋತೊದಲ್ಲಿ ಮೊದಲು ಸ್ವರ್ಣಮಂದಿರ. ಕೊಳದ ಮೇಲೆ ಬಿಸಿಲು ಬಿದ್ದು, ಮಂದಿರ ನೀರಿನಲ್ಲೂ ಒಂದು, ದಡದಲ್ಲೂ ಒಂದು ಹೊಳೆಯುತ್ತಿತ್ತು. ಶಿಗೆನೊ ಕಣ್ಣುಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗ ಮಿತ್ಸುಯೊ ಜನರ ತಲೆಗಳ ಮೇಲೆ ಚೀಲವನ್ನು ಎತ್ತಿ ಹಿಡಿದು ನಿಂತಿದ್ದಳು. ಇಳಿಸೇ, ಜನ ನೋಡುತ್ತಾರೆ ಎಂದು ಶಿಗೆನೊ ತೋಳು ಜಗ್ಗಿದಳು.

“ಇರಿ ಅಕ್ಕ, ಏನೋ ಹೇಳ್ತಿದ್ದಾರೆ.” ಮಿತ್ಸುಯೊ ಚೀಲವನ್ನು ಕಿವಿಗೆ ಹಿಡಿದಳು. “ಎರಡೂ ಕಡೆ ಹದವಾಗಿ ಸುಟ್ಟಿದ್ದಾರೆ, ಚರ್ಮ ಎಲ್ಲೂ ಹರಿದಿಲ್ಲ ಅಂತಾರೆ.”

ಶಿಗೆನೊ ಮುಖ ಆ ಕಡೆ ತಿರುಗಿಸಿಕೊಂಡಳು. ನಗು ಬಂದದ್ದನ್ನು ಮಿತ್ಸುಯೊ ನೋಡಬಾರದೆಂದು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು.

ಊಟದ ಅಂಗಡಿಯಲ್ಲಿ ಅವಳಿಗೆ ಬಿಸಿನೀರಿನಲ್ಲಿ ತೇಲುವ ಸೋಯಾ ತೋಫು, ಮಿತ್ಸುಯೊಗೆ ಅನ್ನದ ಮೇಲೆ ಬಂಗುಡೆ ಒತ್ತಿ ಕಡಲಪಾಚಿ ಸುತ್ತಿದ ದಪ್ಪ ಸುಶಿ. ಹುಟ್ಟಿದಾಗಿನಿಂದ ಬಂಗುಡೆಯ ನಡುವೆ ಬದುಕಿದವಳು ಕ್ಯೋತೊದವರೆಗೆ ಬಂದು ಮತ್ತೆ ಬಂಗುಡೆಯನ್ನೇ ತಿನ್ನಬೇಕೇ ಎಂದು ಶಿಗೆನೊ ಚುಚ್ಚಿದಳು. ಮಿತ್ಸುಯೊ ಇದು ನಮ್ಮೂರಿನ ಮೀನೇ, ಹಿಂದೆ ಉಪ್ಪು ಹಾಕಿ ಬೆಟ್ಟ ದಾಟಿಸಿ ಇಲ್ಲಿಗೆ ಹೊತ್ತು ತರುತ್ತಿದ್ದರಂತೆ, ಊರಿನವರನ್ನು ಕಂಡ ಹಾಗಾಗಿ ಇವರು ಬಲು ಖುಷಿಯಲ್ಲಿದ್ದಾರೆ ಎಂದು ಚೀಲವನ್ನು ತಟ್ಟೆಯ ಪಕ್ಕಕ್ಕೆ ಸರಿಸಿದಳು. ಮೊದಲ ತುಂಡನ್ನು ಗಂಡನ ಹೆಸರು ಹೇಳಿ ತಾನು ತಿಂದಳು. ಎರಡನೆಯದನ್ನು ತನ್ನ ಹೆಸರಿನಲ್ಲಿ. ಆಮೇಲೆ ಯಾರ ಹೆಸರನ್ನೂ ಹೇಳಲಿಲ್ಲ.

ಶಿಗೆನೊ ತಡೆಯಲಾರದೆ ಗುಡಿಯ ಗೋಡೆಯ ಚಿತ್ರವನ್ನು ನೆನಪಿಸಿದಳು. ಹೀಗೆ ದಾರಿಯುದ್ದಕ್ಕೂ ಆಸೆ ಹಚ್ಚಿದರೆ ಅವನು ಈ ಲೋಕವನ್ನು ಬಿಟ್ಟು ಹೇಗೆ ಹೋಗುತ್ತಾನೆ ಎಂದು ಕೇಳಿದಳು.

ಮಿತ್ಸುಯೊ ಕಡ್ಡಿ ಕೆಳಗಿಟ್ಟಳು. “ಹಸಿದವರು ತಾನೇ ಅಕ್ಕ ಅಲೆಯೋದು? ಹೊಟ್ಟೆ ತುಂಬಿದವರು ಯಾಕೆ ಅಲೀತಾರೆ?”

ಶಿಗೆನೊ ಆರಿಹೋದ ತೋಫುವನ್ನು ಬಟ್ಟಲಲ್ಲಿ ಅತ್ತಿತ್ತ ಸರಿಸಿದಳು.

ಓಸಾಕಾದಲ್ಲಿ ಕಾಲುವೆಯ ದಂಡೆಗೆ ಹೋದರು. ಒಂದು ಅಂಗಡಿಯ ನೆತ್ತಿಯ ಮೇಲೆ ಕೋಣೆಯಷ್ಟು ದೊಡ್ಡ ಗೊಂಬೆ ಏಡಿ ಕಾಲಾಡಿಸುತ್ತಿತ್ತು. ಇವರು ಅದರ ಎಡಗಾಲು ಕೇಳುತ್ತಿದ್ದಾರೆ ಎಂದು ಮಿತ್ಸುಯೊ ವರದಿ ಮಾಡಿದಳು. ಅದರ ಬದಲು ಹಿಟ್ಟಿನ ಉಂಡೆ ಸಿಕ್ಕಿತು: ಗುಳಿ ಗುಳಿ ಕಾವಲಿಯಲ್ಲಿ ನಮ್ಮ ಪಡ್ಡಿನ ಹಾಗೆ ಬೇಯಿಸಿ, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಚೂರು ಆಕ್ಟೋಪಸ್ ಇಟ್ಟದ್ದು. ಆಕ್ಟೋಪಸ್ ಮೀನಲ್ಲ, ಅದಕ್ಕೆ ಮುಳ್ಳೇ ಇಲ್ಲ ಎಂದು ಮಿತ್ಸುಯೊ ವಾದಿಸಿದಳು. ಶಿಗೆನೊ ಒಪ್ಪದೆ, ಚೂರುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮಿತ್ಸುಯೊಳ ದೊನ್ನೆಗೆ ಹಾಕಿ, ಬರಿಯ ಉಂಡೆಯನ್ನು ಬಾಯಿಗಿಟ್ಟು ನಾಲಗೆ ಸುಟ್ಟುಕೊಂಡಳು. ಕಾವಲಿಯ ಹಿಂದಿನವನು ಇದನ್ನೆಲ್ಲ ನೋಡುತ್ತಿದ್ದ.

“ಅಜ್ಜಿ, ಮೂವತ್ತು ವರ್ಷದಿಂದ ಸುಡ್ತಿದೀನಿ. ನನ್ನ ಉಂಡೆಗೆ ಶಸ್ತ್ರಚಿಕಿತ್ಸೆ ಮಾಡಿದವರು ನೀವೇ ಮೊದಲು.”

ಹರಕೆ ಕಣಪ್ಪ ಎಂದು ಶಿಗೆನೊ ಸುಟ್ಟ ಬಾಯಿಗೆ ಗಾಳಿ ಹಾಕಿಕೊಳ್ಳುತ್ತ ಹೇಳಿದಳು. ಅವನು ಮಿತ್ಸುಯೊಳ ಕೈಯಲ್ಲಿದ್ದ ಬೆಳ್ಳಿಜರಿಯ ಚೀಲ ಕಂಡ. ನಗು ನಿಲ್ಲಿಸಿ ತಲೆಬಾಗಿದ. ಇನ್ನೊಂದು ಉಂಡೆಯನ್ನು ಆಕ್ಟೋಪಸ್ ಹಾಕದೆ ಬೇಯಿಸಿ ಶಿಗೆನೊಗೆ ಕೊಟ್ಟ. ಎರಡು ಚೂರು ಹಾಕಿ ಬೇಯಿಸಿದ್ದನ್ನು ಚೀಲದ ಕಡೆಗೆ ನೀಡಿದ.

ಸಂಜೆಗೆ ಶಿಗೆನೊ ನಿಜವಾಗಿ ಹಸಿದಿದ್ದಳು. ಸಿಹಿ ತೋಫು ಹೊದಿಸಿದ ದಪ್ಪ ಶ್ಯಾವಿಗೆಯ ಬಟ್ಟಲು ಮುಂದೆ ಬಂದಾಗ ಹಿಂದೆಮುಂದೆ ನೋಡಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಹನಿ ಸಾರನ್ನೂ ಕುಡಿದು ಉಸ್ಸಪ್ಪ ಎಂದಳು. ಮಿತ್ಸುಯೊ ಗಲ್ಲಕ್ಕೆ ಕೈಕೊಟ್ಟು ಅವಳನ್ನೇ ನೋಡುತ್ತಿದ್ದಳು. ಸಾರು ಬಲು ಚೆನ್ನಾಗಿತ್ತೇ ಎಂದು ಕೇಳಿದಳು. ಚೆನ್ನಾಗಿತ್ತು ಎಂದಳು ಶಿಗೆನೊ. ಒಣಮೀನಿನ ಚಕ್ಕೆ ಕುದಿಸದೆ ಈ ಪೇಟೆಯಲ್ಲಿ ಯಾವನಾದರೂ ಇಂಥ ಸಾರು ಮಾಡುತ್ತಾನೆಯೇ ಎಂದು ಮಿತ್ಸುಯೊ ಮತ್ತೆ ಕೇಳಿದಳು.

ಅದು ಶಿಗೆನೊಗೆ ತಿಳಿಯದ್ದೇನಲ್ಲ. ಅಡುಗೆಮನೆಯಲ್ಲಿ ಆಯುಷ್ಯ ಕಳೆದವಳು. ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

“ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗುರುಗಳಿಗೆ ನಮ್ಮಿಬ್ಬರ ಸಮಾಚಾರವೂ ಗೊತ್ತು. ನೀನು ನಡುವೆ ಬಾಯಿ ಹಾಕಬೇಡ.”

ಮರುದಿನ ಬೆಟ್ಟದ ರೈಲು. ಬುಡದ ಊರಿನಲ್ಲಿ ಗಾಡಿ ಬದಲಿಸುವಾಗ ಮಿತ್ಸುಯೊ ಕಾಕಿ ಹಣ್ಣಿನ ಮರದ ಎಲೆಯಲ್ಲಿ ಕಟ್ಟಿದ ಸುಶಿಯ ಪೆಟ್ಟಿಗೆ ಕೊಂಡಳು. ಒಳಗೆ ಮತ್ತೆ ಬಂಗುಡೆಯೇ. ಪೆಟ್ಟಿಗೆಯ ಮುಚ್ಚಳ ತೆರೆಯುವಷ್ಟರಲ್ಲಿ ಸ್ವರ್ಗದ ಸೇತುವೆ ಎಂಬ ಹೆಸರಿನ ನಿಲ್ದಾಣ ಹತ್ತಿರವಾಗಿತ್ತು. ಅಲ್ಲಿಂದ ಮೇಲೆ ಗುರುಗಳ ನೆಲ. ಶಿಗೆನೊ ಪೆಟ್ಟಿಗೆಯ ಮೇಲೆ ತನ್ನ ಕೈ ಇಟ್ಟಳು. ಈ ಸಲ ಅವಳ ಕಣ್ಣಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಮಿತ್ಸುಯೊ ಮುಚ್ಚಳ ಮುಚ್ಚಿದಳು. ಈ ಎಲೆಯೊಳಗಿನದು ನಾಳೆಗೆ ಇನ್ನೂ ರುಚಿ, ಇವರಿಗೆ ಕಾಯುವುದು ಹೊಸದಲ್ಲ ಎಂದು ಪೆಟ್ಟಿಗೆಯನ್ನು ಕೈಚೀಲಕ್ಕೆ ಸೇರಿಸಿದಳು.

ಬೆಟ್ಟದ ಮೇಲೆ ದೇವದಾರು ಮರಗಳ ನಡುವೆ ತಣ್ಣಗಿತ್ತು. ಉಳಿಯಲು ಒಂದು ಮಠದಲ್ಲಿ ಜಾಗ ಹಿಡಿದು, ಬೀದಿಯ ಒಂದು ಪುಟ್ಟ ಅಂಗಡಿಗೆ ಎಳ್ಳಿನ ತೋಫು ತಿನ್ನಲು ಹೋದರು. ಅದು ಮಠದವರ ಅಡುಗೆ, ಮೀನಿನ ಸೋಂಕಿಲ್ಲ. ದಾರಿಯುದ್ದಕ್ಕೂ ಇಬ್ಬರದೂ ಬೇರೆ ಬೇರೆ ತಟ್ಟೆ, ತಟ್ಟೆಗಿಷ್ಟು ಜಗಳ. ಈಗ ಮೊದಲ ಬಾರಿಗೆ ಒಂದೇ ತಿನಿಸು, ಒಂದೇ ಬಗೆಯ ಬಟ್ಟಲು. ಬೆಣ್ಣೆಯಂತೆ ನಡುಗುವ ತುಂಡು, ಮೇಲೆ ಚಿಟಿಕೆ ಖಾರದ ವಸಾಬಿ.

ಇಬ್ಬರೂ ಕಡ್ಡಿ ಹಿಡಿದರು. ಇಬ್ಬರೂ ತಿನ್ನಲಿಲ್ಲ.

ಮಿತ್ಸುಯೊ ಶುರುಮಾಡಲಿ ಎಂದು ಕಾಯುತ್ತಿದ್ದೇನೆ ಎಂದು ಶಿಗೆನೊ ಅಂದುಕೊಂಡಳು. ಆಮೇಲೆ ತಿಳಿಯಿತು, ತಾನು ಕಾಯುತ್ತಿದ್ದದ್ದು ಅದಕ್ಕಲ್ಲ. ಪಕ್ಕದಿಂದ ಒಂದು ಕೈ ಬರಬೇಕಾಗಿತ್ತು. ಇದ್ದಿಲ ಮಸಿ ಉಗುರಿನಲ್ಲಿ ಉಳಿದ, ಕರೆಯದೆ ಬರುವ ಆ ಕೈ. ಎಷ್ಟೋ ವರ್ಷ ಅದನ್ನು ಕಡ್ಡಿಯಿಂದ ತಟ್ಟಿ ಅಟ್ಟಿದ್ದಳು. ಎದುರಿಗೆ ಮಿತ್ಸುಯೊ ಕೂಡ ಬಟ್ಟಲು ನೋಡುತ್ತ ಹಾಗೆಯೇ ಕೂತಿದ್ದಳು.

ಕೊನೆಗೆ ಮಿತ್ಸುಯೊ ಕೈ ಚಾಚಿ ಶಿಗೆನೊಳ ಬಟ್ಟಲಿನಿಂದ ಒಂದು ಮೂಲೆ ಮುರಿದುಕೊಂಡಳು.

“ವಿಷ ಇದೆಯೇನೋ ನೋಡ್ತೀನಿ,” ಅಂದಳು. ಗಂಡನ ದನಿಯನ್ನು ಅಣಕಿಸಲು ಹೊರಟಿದ್ದಳು; ದನಿ ಒಡೆಯಿತು. ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ತೋಫು ಕಡ್ಡಿಯಿಂದ ಜಾರತೊಡಗಿತು. ಬೀಳುತ್ತದೆ ಎನ್ನುವಷ್ಟರಲ್ಲಿ ಶಿಗೆನೊಳ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ತನ್ನ ಕಡ್ಡಿಯಲ್ಲಿ ಪಡೆಯಿತು.

ಪಕ್ಕದವರು ತಮ್ಮ ಬಟ್ಟಲಿನ ಮೇಲೆ ಬಾಗಿಕೊಂಡರು. ಊರಿನ ಮಕ್ಕಳಿಗೆಲ್ಲ ಕೈಮೇಲೆ ಹೊಡೆದು ಕಲಿಸಿದವಳು, ಗುರುಗಳ ಬೆಟ್ಟದಲ್ಲಿ, ಎಲ್ಲರ ಎದುರು, ಕಡ್ಡಿಯಿಂದ ಕಡ್ಡಿಗೆ ತುತ್ತು ತೆಗೆದುಕೊಂಡಿದ್ದಳು. ಇಡಲೂ ಆಗದೆ ತಿನ್ನಲೂ ಆಗದೆ ಶಿಗೆನೊ ಅದನ್ನು ಗಾಳಿಯಲ್ಲಿ ಹಿಡಿದೇ ಕೂತಳು. ಕಿವಿಯವರೆಗೂ ಕೆಂಪಾದಳು.

ಅಂಗಡಿಯ ಒಡತಿ, ಅವರಷ್ಟೇ ವಯಸ್ಸಾದವಳು, ಚಹಾದ ಪಾತ್ರೆ ಹಿಡಿದು ಬಂದಳು. ಬೆಳ್ಳಿಜರಿಯ ಚೀಲವನ್ನು ನೋಡಿದಳು.

“ಯಾರಮ್ಮ ಹೋದದ್ದು?” ಎಂದು ಮೆಲ್ಲಗೆ ಕೇಳಿದಳು.

ತಮ್ಮ ಎಂದು ಒಬ್ಬಳು, ಯಜಮಾನರು ಎಂದು ಒಬ್ಬಳು, ಒಟ್ಟಿಗೇ ಹೇಳಿದರು.

“ಇಲ್ಲಿ ಇದು ಆಗ್ತಾನೇ ಇರುತ್ತೆ. ಎಲುಬು ಎತ್ತಿದ ಕೈ, ಅಷ್ಟು ಬೇಗ ಮರೆಯೋಲ್ಲ. ತಪ್ಪು ಅಂದ್ಕೋಬೇಡಿ, ತಿನ್ನಿ.” ಒಳಗೆ ಹೋಗಿ ಇನ್ನೊಂದು ಚಿಕ್ಕ ಬಟ್ಟಲಲ್ಲಿ ತೋಫು ತಂದು ಚೀಲದ ಮುಂದೆ ಇಟ್ಟಳು.

ಮಿತ್ಸುಯೊ ಕಣ್ಣೊರೆಸಿಕೊಂಡು, ಅವರಿಗೆ ಬೇರೆ ಬಟ್ಟಲು ಕೊಟ್ಟರೆ ರುಚಿಸುವುದಿಲ್ಲ ತಾಯಿ, ಇನ್ನೊಬ್ಬರದೇ ಆಗಬೇಕು ಎಂದಳು. ಒಡತಿ ನಕ್ಕಳು. ಪಕ್ಕದವರೂ ನಕ್ಕರು. ಶಿಗೆನೊ ಆ ತುತ್ತನ್ನು ಬಾಯಿಗಿಟ್ಟು ನಿಧಾನವಾಗಿ ನುಂಗಿದಳು. ಅದು ಗಂಟಲಲ್ಲಿ ಎಲ್ಲಿಯೂ ತಡೆಯದೆ ಇಳಿಯಿತು.

ಮರುದಿನ ಬೆಳಿಗ್ಗೆ ಸಮಾಧಿಗಳ ನಡುವಿನ ಉದ್ದನೆಯ ಕಲ್ಲುದಾರಿಯಲ್ಲಿ ಒಳಗುಡಿಗೆ ನಡೆದರು. ಮಹಾಗುರುಗಳು ಸತ್ತವರಲ್ಲ, ಸೇತುವೆಯಾಚೆಯ ಗುಹೆಯಲ್ಲಿ ಇಂದಿಗೂ ಧ್ಯಾನದಲ್ಲಿದ್ದಾರೆ. ಆದ್ದರಿಂದ ಅವರಿಗೆ ಊಟ ಹೋಗಲೇಬೇಕು. ಇವರು ಸೇತುವೆ ತಲುಪುವ ಹೊತ್ತಿಗೆ ಸರಿಯಾಗಿ ಬಿಳಿಮರದ ಪೆಟ್ಟಿಗೆಯಲ್ಲಿ ಊಟ ಹೊತ್ತ ಭಿಕ್ಷುಗಳು ಅಡುಗೆಮನೆಯಿಂದ ಹೊರಬಂದರು. ನೇರವಾಗಿ ಸೇತುವೆ ದಾಟಲಿಲ್ಲ. ಪಕ್ಕದ ಪುಟ್ಟ ಗುಡಿಯ ಜಿಜೊ ಬೋಧಿಸತ್ವನ ಮುಂದೆ ಪೆಟ್ಟಿಗೆ ಇಳಿಸಿ ತಲೆಬಾಗಿದರು. ರುಚಿ ನೋಡುವ ಜಿಜೊ ಅದು. ಅವನು ನೋಡಿದ ಮೇಲೆಯೇ ಗುರುಗಳಿಗೆ.

ಶಿಗೆನೊ ಇದನ್ನು ಎಷ್ಟೋ ಸಲ ಕಂಡವಳು. ಹಾಡುವ ಹೆಂಗಸರನ್ನು ಕರೆತಂದಾಗಲೆಲ್ಲ ಇಲ್ಲಿಯೇ ನಿಲ್ಲಿಸಿ ತೋರಿಸಿದವಳು. ಇವತ್ತು ಮಿತ್ಸುಯೊ ಅವಳ ತೋಳು ಹಿಡಿದಳು.

“ಅಕ್ಕಾ, ಗುರುಗಳಿಗೂ ಮೊದಲ ತುತ್ತು ನೋಡೋಕೆ ಒಬ್ಬರು ಬೇಕಂತೆ.”

ಶಿಗೆನೊ ಆ ಪುಟ್ಟ ಗುಡಿಯತ್ತ ನೋಡಿದಳು. ಸೇತುವೆಯಾಚೆಗೂ ಊಟ ಇದೆ. ಊಟ ಇದ್ದಲ್ಲಿ ರುಚಿ ನೋಡುವವನಿಗೂ ಒಂದು ಗುಡಿ ಇದೆ. ಊರಿನ ಗೋಡೆಯ ಚಿತ್ರ ಅವಳ ಕಣ್ಣ ಮುಂದೆ ಬಂತು. ಆ ಸೂಜಿಗಂಟಲಿನವರಲ್ಲಿ ತಮ್ಮನ ಮುಖ ಹುಡುಕಿದಳು, ಸಿಗಲಿಲ್ಲ.

“ಇವನು ಇಲ್ಲಿ ಕೈಯಾಳಾಗಿ ಸೇರ್ಕೋತಾನೆ ನೋಡು,” ಎಂದಳು ಕೊನೆಗೆ.

“ಮೀನಿಲ್ಲ ಅಂತ ಗೊತ್ತಾಗೋ ತನಕ,” ಎಂದಳು ಮಿತ್ಸುಯೊ.

ಅಸ್ಥಿಮಂಟಪದ ಭಿಕ್ಷು ಚೀಲವನ್ನು ಎರಡೂ ಕೈಯಲ್ಲಿ ಪಡೆದು, ಹೆಸರು ಕೇಳಿ, ಮಂತ್ರ ಹೇಳಿ ಒಳಗೆ ಒಯ್ದ. ಮಿತ್ಸುಯೊಳ ಕೈಗಳು ಖಾಲಿಯಾದವು. ಅವುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತವಳನ್ನು ಶಿಗೆನೊ ನೋಡಿದಳು. ತನ್ನ ಹರಕೆ ಮುಗಿಯಿತು ಎಂಬುದು ಆಗ ನೆನಪಾಯಿತು.

“ಆ ಎಲೆ ಸುತ್ತಿದ್ದು ಇದೆ ತಾನೆ? ಬೆಟ್ಟ ಇಳಿದ ಕೂಡಲೇ ಬಿಚ್ಚು. ನನ್ನ ಪಾಲಿನಿಂದ ಮೊದಲ ತುತ್ತು ನೀನು ತಗೋ,” ಎಂದಳು.

ಮಿತ್ಸುಯೊ ತಲೆಯಾಡಿಸಿದಳು. ಇಬ್ಬರೂ ಗುಹೆಯ ಕಡೆ ತಿರುಗಿ ಕೈಮುಗಿದರು. ಊದುಬತ್ತಿಯ ಹೊಗೆ ದೇವದಾರುಗಳ ನಡುವೆ ನೇರವಾಗಿ ಏರುತ್ತಿತ್ತು. ಶಿಗೆನೊ ಕಣ್ಣುಮುಚ್ಚಿ, ತುಟಿ ಮಾತ್ರ ಅಲುಗಿಸುತ್ತ ಬೇಡಿಕೊಂಡು, ಕೊನೆಗೆ ಗುರುಗಳ ನಾಮಮಂತ್ರ ಹೇಳಿದಳು:

ಮಹಾಗುರುವೇ, ನನ್ನ ತಮ್ಮ ಮೊರಿಜೊ ಬಂದಿದ್ದಾನೆ. ಆಸೆಬುರುಕ, ಆದರೆ ಯಾರ ತಟ್ಟೆಯಿಂದಲೂ ಎರಡನೆಯ ತುತ್ತು ತೆಗೆದವನಲ್ಲ. ಬದುಕಿಡೀ ಬೆಂಕಿಯ ಮುಂದೆ ನಿಂತು ಇನ್ನೊಬ್ಬರಿಗೆ ಉಣಿಸಿದವನು. ಇನ್ನು ಅವನನ್ನು ತಂಪಿನಲ್ಲಿ ಕೂರಿಸು. ಅವನ ಹಸಿವು ಆರಲಿ, ಅವನ ದಾರಿ ಬೆಳಕಾಗಲಿ, ಅವನ ಗಂಟಲ ಬುದ್ಧನಿಗೆ ನಿನ್ನ ಪಾದದ ಬಳಿ ಶಾಂತಿ ಸಿಗಲಿ. ನಮು ದೈಶಿ ಹೆಂಜೊ ಕೊಂಗೊ.